ಓದುಗರ ಪ್ರಶ್ನೆ: ಸೂಫಿಗಳ ಭಯ, ಕ್ರೈಸ್ತ ಕವಿಗಳ ನಿರೀಕ್ಷೆ

ಪ್ರಶ್ನೆ: ಸೂಫಿ ಎಂದರೆ ಪ್ರೇಮ, ಕವ್ವಾಲಿ, ಮೈಮರೆತು ಸುತ್ತುವ ದರ್ವೇಶಿ ಎಂದೇ ತಿಳಿದಿದ್ದೆ. ಅವರ ಹಳೆಯ ಗ್ರಂಥಗಳಲ್ಲಿ ಭಯದ ಮೇಲೆ ಅಧ್ಯಾಯಗಳೇ ಇವೆಯಂತೆ. ಪ್ರೇಮಿಗೆ ಭಯ ಯಾಕೆ? (ಧಾರವಾಡ)

ಈ ಭಯ ಕವ್ವಾಲಿಗಿಂತ ಎಷ್ಟೋ ಹಳೆಯದು. ಸೂಫಿಗಳು ತಮ್ಮ ಮೊದಲ ಹಿರಿಯರಲ್ಲಿ ಎಣಿಸುವ ಬಸ್ರಾದ ಹಸನ್ (642–728) ಭಯಕ್ಕೆ, ದುಃಖಕ್ಕೆ, ಕಣ್ಣೀರಿಗೆ ಹೆಸರಾದವರು. ಆಮೇಲೆ ಬಂದ ಶಾಸ್ತ್ರಕಾರರು ಆ ಭಯವನ್ನು ಬಿಡಲಿಲ್ಲ, ಅದಕ್ಕೊಂದು ಜಾಗ ಗೊತ್ತುಮಾಡಿದರು. ಅಬೂ ನಸ್ರ್ ಅಸ್ಸರ್ರಾಜ್ (ನಿಧನ 988) ಹತ್ತು ‘ಹಾಲ್’ಗಳನ್ನು ಹೇಳುತ್ತಾರೆ. ಸಾಧಕ ತಾನೇ ದುಡಿದು ಏರುವ ಮೆಟ್ಟಿಲು ‘ಮಕಾಮ್’. ಮೇಲಿನಿಂದ ಎದೆಗೆ ಬಂದಿಳಿಯುವ ಸ್ಥಿತಿ ‘ಹಾಲ್’. ಆ ಹತ್ತರಲ್ಲಿ ದೇವರ ಸಾಮೀಪ್ಯ ಎರಡನೆಯದು, ಪ್ರೇಮ ಮೂರನೆಯದು, ಭಯ (ಖೌಫ್) ನಾಲ್ಕನೆಯದು, ನಿರೀಕ್ಷೆ (ರಜಾ) ಐದನೆಯದು. ಈ ಕ್ರಮವನ್ನು ಗಮನಿಸಿ. ಹೆದರಿ ದೂರ ನಿಂತವನು ಕೊನೆಗೆ ಪ್ರೇಮಕ್ಕೆ ಬರುತ್ತಾನೆ ಎಂಬ ನಮ್ಮ ಎಣಿಕೆ ಇಲ್ಲಿ ತಿರುಗುಮುರುಗಾಗಿದೆ. ಹತ್ತಿರ ಬಂದ ಮೇಲೆಯೇ ಭಯ. ಹತ್ತಿರ ಬಂದವನ ಕಣ್ಣಿಗೆ ದಯೆ ಬಿದ್ದರೆ ಪ್ರೇಮ ಹುಟ್ಟುತ್ತದೆ, ಮಹಿಮೆ ಬಿದ್ದರೆ ಭಯ ಹುಟ್ಟುತ್ತದೆ.

ನಿಶಾಪುರದ ಖುಷೈರಿ (986–1072) ಇನ್ನೊಂದು ಗೆರೆ ಎಳೆದರು. ಖೌಫ್, ರಜಾ ಎರಡೂ ಮುಂದೆ ಬರುವುದಕ್ಕೆ ಸಂಬಂಧಪಟ್ಟವು. ಈ ಗಳಿಗೆಯಲ್ಲೇ ಎದೆ ಮುದುಡಿಕೊಂಡರೆ ಅದಕ್ಕೆ ‘ಕಬ್ಜ್’ ಎಂದೂ ಅರಳಿಕೊಂಡರೆ ‘ಬಸ್ತ್’ ಎಂದೂ ಬೇರೆ ಹೆಸರುಗಳಿವೆ. ಮುಂದೆ ಬರುವುದಕ್ಕೆ ಮಾತ್ರ ನಿರೀಕ್ಷೆ ಎಂಬ ಮಾತನ್ನು ಬೈಬಲ್ಲಿನ ಪೌಲನೂ ರೋಮಿನವರಿಗೆ ಬರೆದ ಪತ್ರದಲ್ಲಿ ಆಡಿದ್ದಾನೆ: ಕಣ್ಣಿಗೆ ಕಾಣುತ್ತಿರುವುದನ್ನು ಯಾರಾದರೂ ನಿರೀಕ್ಷಿಸುತ್ತಾರೆಯೇ?

ಭಯ ಮತ್ತು ನಿರೀಕ್ಷೆ ಹಕ್ಕಿಯ ಎರಡು ರೆಕ್ಕೆ ಎಂಬ ಪ್ರಸಿದ್ಧ ಮಾತನ್ನು ಖುಷೈರಿ ಅಬೂ ಅಲಿ ರೂದ್‌ಬಾರಿಯ ಹೆಸರಿನಲ್ಲಿ ಕೊಡುತ್ತಾರೆ. ಎರಡೂ ಸಮವಾದರೆ ಹಕ್ಕಿ ನೆಟ್ಟಗೆ ಹಾರುತ್ತದೆ, ಒಂದು ಕುಂದಿದರೆ ಹಾರಾಟ ಕೆಡುತ್ತದೆ, ಎರಡೂ ಹೋದರೆ ಹಕ್ಕಿ ಸಾವಿನ ಅಂಚಿಗೆ ಬರುತ್ತದೆ. ಭಾಷಣಗಳಲ್ಲಿ ಮೊದಲ ಅರ್ಧವಷ್ಟೇ ಕೇಳಿಬರುತ್ತದೆ. ಕೊನೆಯ ತುಂಡನ್ನು ಬಿಡಬಾರದು: ಭಯವೂ ಇಲ್ಲ, ನಿರೀಕ್ಷೆಯೂ ಇಲ್ಲ ಎನ್ನುವ ನಿರಾಳತೆ ಸೂಫಿಯ ಕಣ್ಣಿಗೆ ಶಾಂತಿಯಾಗಿ ಕಾಣುವುದಿಲ್ಲ.

ಪ್ರಶ್ನೆ: ‘ದೇವರು ಕರುಣಾಮಯಿ, ಎಲ್ಲ ಮನ್ನಿಸುತ್ತಾನೆ’ ಎಂದುಕೊಂಡು ಇರುವುದೂ ನಿರೀಕ್ಷೆಯೇ ಅಲ್ಲವೇ? (ಕಲಬುರಗಿ)

ಅಲ್ಲ ಎನ್ನುತ್ತಾರೆ ಇಮಾಮ್ ಗಝಾಲಿ (1058–1111). ಅವರ ‘ಇಹ್ಯಾ ಉಲೂಮುದ್ದೀನ್’ ನಲವತ್ತು ಪುಸ್ತಕಗಳ ಗ್ರಂಥ. 33ನೆಯದು ಪೂರ್ತಿಯಾಗಿ ಭಯ ಮತ್ತು ನಿರೀಕ್ಷೆಗೆ ಮೀಸಲು. ಅಲ್ಲಿ ಒಂದು ಹೊಲದ ಹೋಲಿಕೆ ಬರುತ್ತದೆ. ಬೇಸಾಯ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎದೆ ಹೊಲ. ವಿಶ್ವಾಸ ಬೀಜ. ವಿಧೇಯತೆಯ ಕೆಲಸಗಳೆಂದರೆ ಉಳುವುದು, ಕಾಲುವೆ ತೋಡಿ ನೀರು ಹಾಯಿಸುವುದು. ಒಬ್ಬ ಒಳ್ಳೆಯ ಮಣ್ಣು ಹುಡುಕಿ, ಹುಳುಕಿಲ್ಲದ ಬೀಜ ಬಿತ್ತಿ, ಹೊತ್ತಿಗೆ ಸರಿಯಾಗಿ ನೀರು ಕಟ್ಟಿ, ಮುಳ್ಳು ಕಳೆ ಕಿತ್ತು, ಆಮೇಲೆ ‘ಸಿಡಿಲು ಬಡಿಯದಿರಲಿ, ರೋಗ ತಗಲದಿರಲಿ’ ಎಂದು ದೇವರ ಕೃಪೆಗೆ ಕಾದು ಕೂತರೆ ಅದು ರಜಾ. ಇನ್ನೊಬ್ಬ ನೀರು ಹತ್ತದ ದಿಬ್ಬದ ಚೌಳು ನೆಲದಲ್ಲಿ ಬೀಜ ಚೆಲ್ಲಿ, ಒಂದು ದಿನವೂ ಅತ್ತ ಹೋಗದೆ ಸುಗ್ಗಿಗೆ ಕಾದರೆ ಅದು ‘ಗುರೂರ್’, ತನ್ನನ್ನು ತಾನೇ ವಂಚಿಸಿಕೊಳ್ಳುವುದು. ಮೂರನೆಯವನ ಮಣ್ಣು ಚೆನ್ನಾಗಿದೆ, ಆದರೆ ನೀರಿಲ್ಲ. ಮಳೆ ಅಪರೂಪವಾದ, ಬೀಳುವುದೇ ಇಲ್ಲ ಎನ್ನಲೂ ಆಗದ ಸೀಮೆಯಲ್ಲಿ ಮೋಡ ನೋಡುತ್ತ ಕೂರುತ್ತಾನೆ. ಅದು ‘ತಮನ್ನಿ’, ಬರೀ ಹಂಬಲ.

ಮೂವರೂ ಕಾಯುತ್ತಿದ್ದಾರೆ, ಮೂವರ ಬಾಯಲ್ಲೂ ಒಂದೇ ಮಾತು. ವ್ಯತ್ಯಾಸ ಇರುವುದು ಕಾಯುವುದಕ್ಕೆ ಮುಂಚೆ ಕೈ ಏನು ಮಾಡಿತು ಎಂಬುದರಲ್ಲಿ. ತನ್ನ ಕೈಗೆ ಸಿಕ್ಕುವ ಕಾರಣಗಳನ್ನೆಲ್ಲ ಮುಗಿಸಿ, ಕೈಗೆ ಸಿಕ್ಕದ್ದಕ್ಕೆ ಮಾತ್ರ ಕಾಯುವುದು ನಿರೀಕ್ಷೆ. ನಿಮ್ಮ ಪ್ರಶ್ನೆಯಲ್ಲಿರುವ ಮನುಷ್ಯನನ್ನು ಈ ಮೂರರಲ್ಲಿ ಯಾವ ಹೊಲದಲ್ಲಿ ನಿಲ್ಲಿಸುತ್ತೀರಿ ನೋಡಿ.

ಪ್ರಶ್ನೆ: ಹಾಗಾದರೆ ಎರಡರಲ್ಲಿ ಯಾವುದು ಹೆಚ್ಚಿರಬೇಕು? (ಶಿವಮೊಗ್ಗ)

ರೊಟ್ಟಿ ಮೇಲೋ ನೀರು ಮೇಲೋ ಎಂದು ಕೇಳಿದ ಹಾಗಾಯಿತು ಎನ್ನುವುದು ಗಝಾಲಿಯ ಉತ್ತರ. ಹಸಿದವನಿಗೆ ರೊಟ್ಟಿ, ಬಾಯಾರಿದವನಿಗೆ ನೀರು. ಎರಡೂ ಕಾಡುತ್ತಿದ್ದರೆ ಯಾವುದು ಹೆಚ್ಚು ಕಾಡುತ್ತಿದೆ ಎಂದು ನೋಡಬೇಕು. ಇವು ಔಷಧಗಳು, ರೋಗ ತಿಳಿಯದೆ ಔಷಧ ಕೊಡಬಾರದು.

ನಿರೀಕ್ಷೆಯ ಔಷಧ ಬೇಕಾದವರು ಇಬ್ಬರು. ‘ನನ್ನ ಗತಿ ಮುಗಿಯಿತು’ ಎಂದು ನಿರಾಶನಾಗಿ ಪ್ರಾರ್ಥನೆಯನ್ನೇ ಬಿಟ್ಟವನು ಒಬ್ಬ. ಭಯ ಮಿತಿಮೀರಿ, ಉಪವಾಸ ಜಾಗರಣೆಗಳಲ್ಲಿ ತನ್ನ ದೇಹವನ್ನೂ ಮನೆಮಂದಿಯನ್ನೂ ಸವೆಸುವವನು ಇನ್ನೊಬ್ಬ. ಈ ಎರಡನೆಯವನನ್ನು ರೋಗಿಗಳ ಪಟ್ಟಿಗೆ ಸೇರಿಸಿದ್ದು ದೊಡ್ಡ ಮಾತು. ಹೊರಗಿನವರಿಗೆ ಆತ ಮಹಾಭಕ್ತನಂತೆ ಕಾಣುತ್ತಾನೆ. ಆದರೆ ತಪ್ಪು ಮಾಡುತ್ತ ನಿಶ್ಚಿಂತೆಯಿಂದಿರುವವನಿಗೆ ಅದೇ ನಿರೀಕ್ಷೆಯ ಮಾತು ವಿಷವಾಗುತ್ತದೆ. ಶೀತಪ್ರಕೃತಿಯವನಿಗೆ ಮದ್ದಾದ ಜೇನುತುಪ್ಪ ಉಷ್ಣಪ್ರಕೃತಿಯವನಿಗೆ ಕೇಡು ಮಾಡುವಂತೆ ಎಂದು ಗಝಾಲಿ ವಿವರಿಸುತ್ತಾರೆ. ತಮ್ಮ ಕಾಲದ ಜನಕ್ಕೆ ಭಯವೇ ಹೆಚ್ಚು ಬೇಕು ಎಂದೂ ಅವರು ಹೇಳಿದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಭಯದ ಅಳತೆಯೂ ಇದೆ. ಅದು ಚಾಟಿ, ಪ್ರಾಣಿಯನ್ನು ನಡೆಸಬೇಕು, ಕೊಲ್ಲಬಾರದು. ಕುರ್‌ಆನಿನ ವಚನ ಕೇಳಿ ಕಣ್ಣೀರು ಹಾಕಿ, ಮುಖ ಒರೆಸಿಕೊಂಡು ಹಳೆಯ ದಾರಿಗೇ ಮರಳಿದರೆ ಭಯ ಸಾಲದು. ಬುದ್ಧಿ ಕೆಟ್ಟರೆ, ಕಾಯಿಲೆ ಬಿದ್ದರೆ, ಹತಾಶೆ ಹುಟ್ಟಿದರೆ ಹೆಚ್ಚಾಯಿತು. ಕೆಟ್ಟದ್ದರಿಂದ ಕೈ ಹಿಂದೆ ಸರಿದರೆ, ಒಳ್ಳೆಯದಕ್ಕೆ ಕಾಲು ಮುಂದೆ ಹೋದರೆ ಸರಿಹೋಯಿತು. ಸಾಯುವ ಹೊತ್ತಿಗೆ ಮಾತ್ರ ಚಾಟಿಗೆ ಕೆಲಸವಿಲ್ಲ, ನಡೆಯಬೇಕಾದ ದಾರಿಯೇ ಉಳಿದಿಲ್ಲ. ಆಗ ನಿರೀಕ್ಷೆಯೇ ಮೇಲು. ದೇವರ ಬಗ್ಗೆ ಒಳ್ಳೆಯದನ್ನೇ ಭಾವಿಸುತ್ತ ಸಾಯಬೇಕು ಎಂಬ ಹದೀಸ್ (ಪ್ರವಾದಿಯ ಮಾತು) ಇದಕ್ಕೆ ಆಧಾರ.

ಪ್ರಶ್ನೆ: ಇಂಗ್ಲಿಷ್ ಕವಿ ಜಾನ್ ಡನ್ ಒಂದು ಕಡೆ ‘ಭಯದಿಂದ ನಡುಗುವ ದಿನಗಳೇ ನನ್ನ ಒಳ್ಳೆಯ ದಿನಗಳು’ ಎನ್ನುತ್ತಾನೆ, ಇನ್ನೊಂದು ಕಡೆ ಭಯವನ್ನು ಪಾಪ ಎನ್ನುತ್ತಾನೆ. ಯಾವುದು ನಿಜ? ತರಗತಿಯಲ್ಲಿ ಪಾಠ ಮಾಡುವಾಗ ಇದೇ ತೊಡಕು. (ಮಂಗಳೂರು)

ಎರಡೂ ನಿಜ, ಎರಡು ಬೇರೆ ಭಯಗಳು. ಮೊದಲ ಮಾತು ಅವನ ಒಂದು ‘ಪವಿತ್ರ ಸಾನೆಟ್’ನ ಕೊನೆಯ ಸಾಲು. ಆ ಕವಿತೆಯ ರೋಗ ಚಂಚಲತೆ: ಇವತ್ತು ಪ್ರಾರ್ಥನೆ, ನಾಳೆ ಮರೆವು, ಜ್ವರ ಬಂದು ಬಿಡುವ ಹಾಗೆ ಭಕ್ತಿ ಬಂದು ಹೋಗುತ್ತದೆ. ಅಂಥವನಿಗೆ ನಡುಕವೇ ಆರೋಗ್ಯ. ಗಝಾಲಿಯ ವೈದ್ಯವೂ ಇದನ್ನೇ ಬರೆದುಕೊಡುತ್ತಿತ್ತು.

ಎರಡನೆಯದು ‘ತಂದೆಯಾದ ದೇವರಿಗೆ ಒಂದು ಸ್ತೋತ್ರ’. ಇದನ್ನು ತರಗತಿಯಲ್ಲಿ ಹೀಗೆ ಬಿಡಿಸಬಹುದು. ಆರಾರು ಸಾಲಿನ ಮೂರು ಚರಣಗಳು. ಮೊದಲು ಬಲಗಡೆಯ ಅಂಚಿನಲ್ಲಿ ಬೆರಳಿಟ್ಟು ಪ್ರಾಸಪದಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿಸಿ. ಹದಿನೆಂಟು ಸಾಲಿಗೂ ಎರಡೇ ಪ್ರಾಸಧ್ವನಿ: ‘ಡನ್’ ಮತ್ತು ‘ಮೋರ್’. ‘ಡನ್’ ಎಂದರೆ ‘ಮುಗಿಸಿದೆ’; ಅದು ಕವಿಯ ಹೆಸರೂ ಹೌದು. ‘ಮೋರ್’ ಎಂದರೆ ‘ಇನ್ನೂ’. 1617ರಲ್ಲಿ ತೀರಿಕೊಂಡ ಅವನ ಹೆಂಡತಿ ಆ್ಯನ್‌ಳ ತವರುಮನೆಯ ಹೆಸರೂ ಅದೇ. ಆಮೇಲೆ ಮೊದಲೆರಡು ಚರಣಗಳ ಪಲ್ಲವಿ ನೋಡಿ: ‘ನೀನು ಕ್ಷಮಿಸಿ ಮುಗಿಸಿದೆ ಎಂದಾಗಲೂ ಮುಗಿದಿರುವುದಿಲ್ಲ, ನನ್ನಲ್ಲಿ ಇನ್ನೂ ಇವೆ.’ ಪಾಪಗಳ ಪಟ್ಟಿ ಬೆಳೆಯುತ್ತದೆ: ಹುಟ್ಟಿನಿಂದ ಬಂದದ್ದು, ಈಗಲೂ ಮಾಡುತ್ತಿರುವುದು, ಬೇರೆಯವರನ್ನು ಎಳೆದದ್ದು, ಒಂದೆರಡು ವರ್ಷ ಬಿಟ್ಟು ಇಪ್ಪತ್ತು ವರ್ಷ ಹೊರಳಾಡಿದ್ದು. ಕೊನೆಯ ಚರಣದಲ್ಲಿ ಪಟ್ಟಿಯ ಕೊನೆಯ ಪಾಪ ಬರುತ್ತದೆ: ‘ನನ್ನಲ್ಲಿ ಭಯವೆಂಬ ಪಾಪವೊಂದಿದೆ.’ ಕೊನೆಯ ಎಳೆ ನೂತು ಮುಗಿದ ಮೇಲೆ ಇದೇ ದಡದಲ್ಲಿ ನಾಶವಾಗಿಬಿಡುತ್ತೇನೋ ಎಂಬ ಭಯ ಅದು.

ಇಲ್ಲಿ ಭಯ ಎಂದರೆ ಕ್ಷಮೆ ನನ್ನವರೆಗೆ ತಲುಪಲಾರದು ಎಂಬ ಗುಮಾನಿ. ಸೂಫಿಗಳು ಇದನ್ನು ಖೌಫ್ ಎನ್ನದೆ ‘ಯಅಸ್’, ‘ಕುನೂತ್’ ಎನ್ನುತ್ತಾರೆ: ಹತಾಶೆ. ಕುರ್‌ಆನ್ 39:53 ನೇರವಾಗಿ ತಡೆಯುವುದು ಇದನ್ನೇ. ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ (1225–1274) ನಿರೀಕ್ಷೆಗೆ ವಿರುದ್ಧವಾದ ಪಾಪಗಳು ಎರಡು ಎನ್ನುತ್ತಾನೆ, ಹತಾಶೆ ಮತ್ತು ಹೇಗೂ ಕ್ಷಮೆ ಸಿಗುತ್ತದೆಂಬ ದುಡುಕಿನ ಧೈರ್ಯ. ಗಝಾಲಿಯ ನಿರಾಶನನ್ನೂ ನಿಶ್ಚಿಂತನನ್ನೂ ಇವುಗಳ ಪಕ್ಕದಲ್ಲಿಟ್ಟರೆ ಅಂಚಿಗೆ ಅಂಚು ಕೂಡುತ್ತದೆ.

ಆದರೆ ಡನ್‌ನ ಕವಿತೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಅವನು ದೇವರನ್ನು ಆಣೆಗೆ ಕರೆಯುತ್ತಾನೆ: ‘ನಿನ್ನ ಮೇಲೆ ನೀನೇ ಆಣೆ ಇಡು, ನಾನು ಸಾಯುವಾಗ ನಿನ್ನ ಮಗ ಈಗ ಬೆಳಗುವಂತೆಯೇ ಬೆಳಗುತ್ತಾನೆಂದು.’ ಮಗ, ಸೂರ್ಯ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ, ಕವಿ ಎರಡನ್ನೂ ಉದ್ದೇಶಿಸಿದ್ದಾನೆ. ಅದಾದ ಮೇಲೆ ‘ಇನ್ನೂ ಇವೆ’ ಎಂದು ಎರಡು ಸಲ ಮುಗಿದಿದ್ದ ಪಲ್ಲವಿ ‘ಇನ್ನು ಹೆದರುವುದಿಲ್ಲ’ ಎಂದು ತಿರುಗುತ್ತದೆ. ‘ಮೋರ್’ ಎಂಬ ಪ್ರಾಸ ಬದಲಾಗಿಲ್ಲ, ಅದರ ಅರ್ಥ ತಲೆಕೆಳಗಾಗಿದೆ. ಸೂಫಿ ಶಾಸ್ತ್ರಕಾರ ಹದ ಹೇಳುತ್ತಾನೆ. ಈ ಕವಿ ಓದುಗನ ನಾಲಿಗೆಯ ಮೇಲೆಯೇ ಆ ಬದಲಾವಣೆಯನ್ನು ನಡೆಸುತ್ತಾನೆ. ಮೂರನೆಯ ಚರಣವನ್ನಷ್ಟೇ ಉದ್ಧರಿಸಿ ಪಾಠ ಮಾಡಿದರೆ ಕೆಡುವುದು ಇದೇ. ಎರಡು ಸಲ ಆ ಪಲ್ಲವಿಗೆ ಸಿಕ್ಕದ ಕಿವಿಗೆ ಮೂರನೆಯ ಸಲದ ಬಿಡುಗಡೆ ಕೇಳಿಸುವುದಿಲ್ಲ.

ಪ್ರಶ್ನೆ: ರಾಬಿಯಾಳ ಪ್ರಾರ್ಥನೆಯನ್ನೇ ಸ್ಪೇನಿನ ಕ್ರೈಸ್ತ ಕವಿಯೊಬ್ಬ ಎತ್ತಿಕೊಂಡ ಎಂದು ಓದಿದೆ. ಹೌದೇ? (ಬೆಂಗಳೂರು)

ಹೋಲಿಕೆ ಗಟ್ಟಿ, ಎತ್ತಿಕೊಂಡದ್ದಕ್ಕೆ ರುಜುವಾತು ಇಲ್ಲ. ಬಸ್ರಾದ ಸೂಫಿ ಸಂತೆ ರಾಬಿಯಾ 801ರಲ್ಲಿ ತೀರಿಕೊಂಡಳು. ಅವಳ ಮಾತುಗಳು ನಮಗೆ ಸಿಕ್ಕಿರುವುದು ಬೇರೆಯವರ ಬರಹಗಳಲ್ಲಿ. ಈ ಪ್ರಾರ್ಥನೆಯನ್ನು ಪ್ರಸಿದ್ಧಿಗೆ ತಂದದ್ದು ಸುಮಾರು ನಾನೂರು ವರ್ಷಗಳ ನಂತರದ ಪಾರಸಿ ಕವಿ ಅತ್ತಾರ್. ನರಕದ ಭಯದಿಂದ ಪೂಜಿಸಿದರೆ ನನ್ನನ್ನು ನರಕದಲ್ಲಿ ಸುಡು, ಸ್ವರ್ಗದ ಆಸೆಯಿಂದಾದರೆ ಸ್ವರ್ಗದಿಂದ ಹೊರಗಿಡು, ನಿನಗಾಗಿಯೇ ಆದರೆ ನಿನ್ನ ಶಾಶ್ವತ ಸೌಂದರ್ಯವನ್ನು ನನಗೆ ತಪ್ಪಿಸಬೇಡ ಎಂಬುದು ಅದರ ತಿರುಳು.

ಇದಕ್ಕೆ ಹೊಂದುವ ಒಂದು ಕಥೆ ಯೂರೋಪಿಗೆ ಹೋದದ್ದು ಮಾತ್ರ ಖಚಿತ. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ ಚರಿತ್ರೆಯನ್ನು ಜ್ವಾನ್‌ವೀಲ್ 1309ರಲ್ಲಿ ಮುಗಿಸಿದ. ಅದರಲ್ಲಿ ದಮಾಸ್ಕಸ್ಸಿನ ಬೀದಿಯಲ್ಲಿ ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದ ಮುದುಕಿಯೊಬ್ಬಳು ಪಾದ್ರಿಗೆ ಎದುರಾಗುತ್ತಾಳೆ. ಬೆಂಕಿ ಸ್ವರ್ಗವನ್ನು ಸುಡುವುದಕ್ಕೆ, ನೀರು ನರಕವನ್ನು ಆರಿಸುವುದಕ್ಕೆ. ಇನ್ನು ಮೇಲೆ ಯಾರೂ ಸಂಬಳಕ್ಕೋ ಹೆದರಿಕೆಗೋ ಒಳ್ಳೆಯದನ್ನು ಮಾಡಬಾರದು. ಸೂಫಿ ಕಥನಗಳಲ್ಲಿ ಈ ಕಥೆಯ ನಾಯಕಿ ರಾಬಿಯಾ.

ನೀವು ಹೇಳುವ ಸ್ಪ್ಯಾನಿಷ್ ಸಾನೆಟ್ ಅನಾಮಧೇಯ ಕವಿಯದು, 1628ರಲ್ಲಿ ಅಚ್ಚಾಯಿತು. ನೀನು ಮಾತುಕೊಟ್ಟ ಸ್ವರ್ಗ ನನ್ನನ್ನು ನಿನ್ನ ಪ್ರೀತಿಗೆ ಎಳೆಯುವುದಿಲ್ಲ ಎಂದು ಅದು ಶುರುವಾಗುತ್ತದೆ. ಎರಡು ಕಡೆ ನಿಲ್ಲಿ. ಒಂದು: ಎಳೆಯುವುದು ಯಾವುದು? ರಾಬಿಯಾಳಿಗೆ ದೇವರ ಸೌಂದರ್ಯ, ರೂಪವಿಲ್ಲದ್ದು. ಈ ಕವಿಗೆ ಶಿಲುಬೆಗೆ ಜಡಿದ, ಅವಮಾನಗೊಂಡ, ಗಾಯವಾದ ಒಂದು ದೇಹ. ಎರಡು ಧರ್ಮಗಳು ಬೇರೆಯಾಗುವುದು ಇದೇ ಜಾಗದಲ್ಲಿ. ಒಂದರ ನಿರೀಕ್ಷೆ ‘ನನ್ನ ಕರುಣೆ ನನ್ನ ಕೋಪವನ್ನು ಮೀರಿದೆ’ ಎಂಬ ದೇವರ ಗುಣದ ಮೇಲೆ ನಿಂತಿದೆ, ಇನ್ನೊಂದರದು ನಡೆದುಹೋದ ಒಂದು ಘಟನೆಯ ಮೇಲೆ. ಎರಡು: ‘ಸ್ವರ್ಗ ಇಲ್ಲದಿದ್ದರೂ ನಿನ್ನನ್ನು ಪ್ರೀತಿಸುತ್ತಿದ್ದೆ, ನರಕ ಇಲ್ಲದಿದ್ದರೂ ನಿನಗೆ ಅಂಜುತ್ತಿದ್ದೆ’ ಎನ್ನುತ್ತಾನೆ ಕವಿ. ನರಕ ಹೋಯಿತು, ಅಂಜಿಕೆ ಉಳಿಯಿತು! ಶಿಕ್ಷೆಯೇ ಇಲ್ಲದ ಮೇಲೆ ಅಂಜುವುದು ಯಾತಕ್ಕೆ? ಉತ್ತರ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಕೀರ್ತನೆಗಳಲ್ಲಿ ‘ಯೆಹೋವನ ಭಯವೇ ಜ್ಞಾನಕ್ಕೆ ಮೂಲ’ ಎಂದಿದೆ. ಯೋಹಾನನ ಮೊದಲ ಪತ್ರದಲ್ಲಿ ಪೂರ್ಣ ಪ್ರೀತಿ ಭಯವನ್ನು ಹೊರಗಟ್ಟುತ್ತದೆ ಎಂದಿದೆ. ಎರಡನ್ನೂ ಹೇಗೆ ಒಪ್ಪುವುದು? (ಉಡುಪಿ)

ಯೋಹಾನನ ಪತ್ರದ ಮೇಲಿನ ಪ್ರವಚನವೊಂದರಲ್ಲಿ ಕ್ರೈಸ್ತ ಧರ್ಮಗುರು ಅಗಸ್ಟೀನ್ (354–430) ಎರಡು ಚಿತ್ರ ಕೊಡುತ್ತಾನೆ. ಬಟ್ಟೆ ಹೊಲಿಯುವಾಗ ಮೊದಲು ಸೂಜಿ ಒಳಹೋಗಬೇಕು, ಆದರೆ ಅದು ಆಚೆ ಬರದೆ ದಾರ ಬರುವುದಿಲ್ಲ. ಭಯ ಸೂಜಿ, ಪ್ರೀತಿ ದಾರ. ಸೂಜಿ ಬಟ್ಟೆಯಲ್ಲೇ ಉಳಿದರೆ ಹೊಲಿಗೆ ಆಗದು. ಯೋಹಾನ ಹೊರಗಟ್ಟಿದ್ದು ಈ ಭಯವನ್ನು.

ಇನ್ನೊಂದು ಭಯ ಉಳಿಯುತ್ತದೆ. ಇಬ್ಬರು ಹೆಂಗಸರು, ಇಬ್ಬರಿಗೂ ಗಂಡನ ಭಯ. ಪರಪುರುಷನ ಸಂಗದಲ್ಲಿರುವವಳಿಗೆ ಗಂಡ ಎಲ್ಲಿ ಬಂದುಬಿಡುತ್ತಾನೋ ಎಂಬ ಭಯ. ಗಂಡನನ್ನು ಪ್ರೀತಿಸುವವಳಿಗೆ ಅವನು ಎಲ್ಲಿ ಬಿಟ್ಟುಹೋಗುತ್ತಾನೋ ಎಂಬ ಭಯ. ಈ ಎರಡನೆಯದನ್ನು ಅಗಸ್ಟೀನ್ ಪರಿಶುದ್ಧ ಭಯ ಎಂದು ಕರೆದ. ಆಮೇಲಿನವರು ಗುಲಾಮನ ಭಯ, ಮಗನ ಭಯ ಎಂದು ಬೇರ್ಪಡಿಸಿದರು. ಸ್ಪ್ಯಾನಿಷ್ ಕವಿಗೆ ನರಕ ಆರಿದ ಮೇಲೂ ಉಳಿದದ್ದು ಇದೇ. ಸೂಫಿಗಳಲ್ಲೂ ಅಗಲಿಕೆಯ ಭಯ ಬೆಂಕಿಯ ಭಯಕ್ಕಿಂತ ಮೇಲಿನ ಮೆಟ್ಟಿಲು.

ಪ್ರಶ್ನೆ: ಕವಿಯೇ ಹತಾಶೆಗೆ ಬಿದ್ದಾಗ ಬರೆದ ಕವಿತೆಯನ್ನು ಭಕ್ತಿಕಾವ್ಯ ಎನ್ನಬಹುದೇ? ಹಾಪ್‌ಕಿನ್ಸ್ ಓದಿ ಕೇಳುತ್ತಿದ್ದೇನೆ. (ಮೈಸೂರು)

ಎನ್ನಬಹುದು, ಆ ಕವಿತೆಗಳು ಹತಾಶೆಗೆ ಬಾಗಿಲು ತೆರೆದಿಲ್ಲ. ಜೆಸ್ಯೂಟ್ ಪಾದ್ರಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ (1844–1889) ಡಬ್ಲಿನ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದಾಗ, 1885ರ ಸುಮಾರಿಗೆ ಬರೆದ ಸಾನೆಟ್‌ಗಳಲ್ಲಿ ಒಂದು ಹತಾಶೆಯನ್ನು ‘ಹೆಣದ ಮಾಂಸದ ಸಾಂತ್ವನ’ ಎಂದು ಕೂಗಿ ಕರೆಯುತ್ತದೆ. ಹತಾಶೆಗೂ ಒಂದು ರುಚಿ ಇದೆ, ಅದು ಸುಲಭ, ಅದಕ್ಕೇ ಅದು ಅಪಾಯ ಎಂದು ಆ ಹೆಸರೇ ಹೇಳುತ್ತದೆ. ಮೊದಲ ನಾಲ್ಕು ಸಾಲಿನಲ್ಲಿ ‘ನಾಟ್’ ಎಂಬ ಪದ ಆರು ಸಲ ಬರುತ್ತದೆ. ಮೂರನೆಯ ಸಾಲಿನ ನಡುವೆ ‘ಇನ್ನು ನನ್ನಿಂದಾಗದು’ ಎಂದು ಪೂರ್ಣವಿರಾಮ ಬಿದ್ದು, ಅದೇ ಸಾಲಿನ ತುದಿಯಲ್ಲಿ ‘ಆಗುತ್ತದೆ’ ಎಂಬ ಮಾತು ಬರುತ್ತದೆ. ಏನಾಗುತ್ತದೆ? ‘ಬೆಳಗಾಗಲಿ ಎಂದು ಬಯಸುವುದಾದರೂ ಆಗುತ್ತದೆ.’ ನಿರೀಕ್ಷೆ ಇಷ್ಟು ಸಣ್ಣದಾಗಿಯೂ ಉಳಿಯಬಲ್ಲದು.

ಇದರ ಪಕ್ಕದಲ್ಲಿ ಓದಬೇಕಾದದ್ದು ಈಜಿಪ್ಟಿನ ಇಬ್ನ್ ಅತಾಉಲ್ಲಾ (ಜ್ವಾನ್‌ವೀಲ್ ತನ್ನ ಪುಸ್ತಕ ಮುಗಿಸಿದ 1309ರಲ್ಲೇ ತೀರಿಕೊಂಡವರು) ಬರೆದ ಸೂಕ್ತಿಗಳನ್ನು. ಮೊದಲ ಸೂಕ್ತಿಯೇ ಹೇಳುತ್ತದೆ: ಎಡವಿದಾಗ ನಿರೀಕ್ಷೆ ಕುಗ್ಗಿದರೆ, ನೀನು ನೆಚ್ಚಿಕೊಂಡಿದ್ದು ನಿನ್ನ ಕೆಲಸಗಳನ್ನು ಎಂಬುದಕ್ಕೆ ಅದು ಗುರುತು. ತಪ್ಪು ಮಾಡಿದ ರಾತ್ರಿ ನಿಮ್ಮ ಭರವಸೆ ಎಷ್ಟು ಇಳಿಯಿತು ಎಂದು ನೋಡಿಕೊಂಡರೆ ಅದು ಯಾವುದರ ಮೇಲೆ ನಿಂತಿತ್ತೆಂದು ಗೊತ್ತಾಗುತ್ತದೆ.

ಪ್ರಶ್ನೆ: ‘ರಜಾ’ ಪದಕ್ಕೆ ಕನ್ನಡದಲ್ಲಿ ಆಸೆ ಎನ್ನಬೇಕೋ ಭರವಸೆ ಎನ್ನಬೇಕೋ? (ವಿಜಯಪುರ)

ನಿರೀಕ್ಷೆ ಎನ್ನಿ. ಆಸೆ ಎಂದರೆ ಗಝಾಲಿಯ ಮೂರನೆಯ ರೈತ ನೆನಪಾಗುತ್ತಾನೆ. ಭರವಸೆಯಲ್ಲಿ ಯಾರೋ ಮಾತು ಕೊಟ್ಟ ಧ್ವನಿ ಇದೆ. ಕನ್ನಡ ಬೈಬಲ್ಲಿನವರು ‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂದು ಆರಿಸಿದ್ದು ಒಳ್ಳೆಯ ಆಯ್ಕೆ. ದಾರಿ ನೋಡುತ್ತ ಕಾಯುವುದು ಆ ಪದದೊಳಗೇ ಇದೆ. ಒಂದು ಎಚ್ಚರಿಕೆ: ಶಾಲೆಗೆ ಕೊಡುವ ರಜೆ ಈ ಪದದಿಂದ ಬಂದದ್ದಲ್ಲ. ಅದು ಒಪ್ಪಿಗೆ ಎಂಬ ಅರ್ಥದ ‘ರಝಾ’ದಿಂದ ಬಂತು, ಸೂಫಿಗಳ ‘ರಿದಾ’, ಅಂದರೆ ದೇವರಿಚ್ಛೆಗೆ ಸಮ್ಮತಿ, ಅದೇ ಪದ. ಕನ್ನಡ ಲಿಪಿಯಲ್ಲಿ ಎರಡೂ ಕಲಸಿಹೋಗುತ್ತವೆ. ಹಾಗೆಯೇ ಖೌಫ್ ಭಯವಾದರೆ, ಅರಿವಿನಿಂದ ಹುಟ್ಟುವ ‘ಖಶ್ಯತ್’ಗೆ ಅಂಜಿಕೆ, ‘ಹೈಬತ್’ಗೆ ಬೆರಗು ಬೆರೆತ ಭೀತಿ ಎಂದು ಬೇರೆ ಬೇರೆ ಇಟ್ಟುಕೊಳ್ಳಿ. ಎಲ್ಲಕ್ಕೂ ಭಯ ಎಂದರೆ ಮೆಟ್ಟಿಲುಗಳು ಕಾಣದಾಗುತ್ತವೆ.

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಅರ್ಧ ಗಂಟೆಗೆ ಆಗುವಂಥ ಒಂದು ಚಿಕ್ಕ ಕವಿತೆ ತಿಳಿಸಿ. (ಹಾಸನ)

ಜಾರ್ಜ್ ಹರ್ಬರ್ಟ್‌ನ (1593–1633) ‘ಬಿಟರ್-ಸ್ವೀಟ್’. ಎಂಟೇ ಸಾಲು, ಸಾಲಿಗೆ ಆರು ಉಚ್ಚಾರಾಂಶ (ಸಿಲಬಲ್). ‘ಅಯ್ಯೋ, ನನ್ನ ಪ್ರೀತಿಯ ಕೋಪಿಷ್ಠ ಒಡೆಯಾ’ ಎಂದು ಶುರು. ನೀನು ಪ್ರೀತಿಸುತ್ತೀ ಆದರೂ ಹೊಡೆಯುತ್ತೀ, ಕೆಡವುತ್ತೀ ಆದರೂ ಕೈ ಕೊಡುತ್ತೀ, ನಾನೂ ಹಾಗೇ ಮಾಡುತ್ತೇನೆ ಎನ್ನುತ್ತಾನೆ ಕವಿ.

ಮೊದಲು ಒಬ್ಬರೇ ನಿಧಾನವಾಗಿ ಓದಲಿ. ಎರಡನೆಯ ಸಲ ಇಬ್ಬರು ಓದಲಿ, ಒಬ್ಬರು ದೂರಿನ ಮಾತುಗಳನ್ನು, ಇನ್ನೊಬ್ಬರು ಪ್ರೀತಿಯ ಮಾತುಗಳನ್ನು. ಯಾರ ಪಾಲಿಗೆ ಎಷ್ಟು ಬಂತೆಂದು ಎಣಿಸಿ. ಮೂರನೆಯ ಸಲ ಅರ್ಥ ಬಿಟ್ಟು ನಡುವಿನ ಕೊಂಡಿಗಳನ್ನಷ್ಟೇ ಗುರುತು ಹಾಕಿ. ಹೊಡೆತದ ಮುಂದೆ ‘ಆದರೂ’. ಆಸರೆಯ ಮುಂದೆ ‘ಆದರೂ’. ಐದನೆಯ ಸಾಲಿನಲ್ಲಿ ‘ದೂರುತ್ತೇನೆ, ಆದರೂ ಸ್ತುತಿಸುತ್ತೇನೆ’. ಆರನೆಯ ಸಾಲಿನಲ್ಲಿ ಕೊಂಡಿಯೇ ಇಲ್ಲ, ಗೋಳಾಟಕ್ಕೂ ಒಪ್ಪಿಗೆಗೂ ನಡುವೆ ಬರೀ ಅಲ್ಪವಿರಾಮ. ಕೊನೆಯ ಸಾಲಿಗೆ ಬಂದಾಗ ಅಲ್ಲಿರುವುದು ‘ಮತ್ತು’: ಶೋಕಿಸುತ್ತೇನೆ, ಮತ್ತು ಪ್ರೀತಿಸುತ್ತೇನೆ. ಆ ‘ಮತ್ತು’ವನ್ನು ಒತ್ತಿ ಓದಿಸಿ.